ಸೈನ್ಸ್ ಓದಿದ ಮಗಳಿಗೆ ಬಿ.ಕಾಂ. ಸೀಟು ಸಿಗುತ್ತದೆಯೇ?

ಪ್ರಶ್ನೆ: ನಾನು ದಾಸರಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತೇನೆ. ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ತೆಗೆದುಕೊಂಡಳು. ವಾರ್ಷಿಕ ಪರೀಕ್ಷೆ-1ರಲ್ಲಿ ರಸಾಯನಶಾಸ್ತ್ರ ಹೋಗಿತ್ತು, ಪರೀಕ್ಷೆ-2ರಲ್ಲಿ ಪಾಸಾದಳು. ಒಟ್ಟು 600ಕ್ಕೆ 366 ಅಂಕ. ಎಂಜಿನಿಯರಿಂಗ್ ಬೇಡ, ಅಕೌಂಟ್ಸ್ ಓದಿ ಮುಂದೆ ಸಿ.ಎ. ಮಾಡುತ್ತೇನೆ ಎನ್ನುತ್ತಾಳೆ. ಕಾಮರ್ಸ್ ಓದದವರಿಗೆ ಬಿ.ಕಾಂ. ಕೊಡುವುದಿಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ. ಪರಿಚಯದವರೊಬ್ಬರು 40,000 ರೂಪಾಯಿ ಕೊಟ್ಟರೆ ‘ಅಕೌಂಟಿಂಗ್ ಅಂಡ್ ಫೈನಾನ್ಸ್’ ಸೀಟು ಕೊಡಿಸುತ್ತೇನೆ, ಮೂಲ ಅಂಕಪಟ್ಟಿಗಳನ್ನು ಈಗಲೇ ಕೊಡಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ದಾಸರಹಳ್ಳಿ

ಉತ್ತರ: ತಾಯಿ, ಮೊದಲಿಗೆ ಆ 40,000 ರೂಪಾಯಿ ನಿಮ್ಮ ಬಳಿಯೇ ಇರಲಿ. ಅಂಕಪಟ್ಟಿಗಳನ್ನೂ ಯಾರ ಕೈಗೂ ಕೊಡಬೇಡಿ. ನಿಮ್ಮ ಮಗಳಿಗೆ ಬಿ.ಕಾಂ. ಸೇರುವ ಅರ್ಹತೆ ಇದೆ, ಇನ್ನೊಬ್ಬರು ಅದನ್ನು ಕೊಡಿಸಬೇಕಾದ ಅಗತ್ಯವೇ ಇಲ್ಲ.

ಬೆಂಗಳೂರಿನ ರಾಜ್ಯ ವಿಶ್ವವಿದ್ಯಾಲಯಗಳ ಬಿ.ಕಾಂ. ಸೇರಲು ಎರಡು ವರ್ಷದ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಓದಿದ್ದು ವಿಜ್ಞಾನವೋ ಕಲೆಯೋ ವಾಣಿಜ್ಯವೋ ಎಂಬುದು ಅಡ್ಡಿಯಾಗುವುದಿಲ್ಲ. ಸಿಇಟಿ ರ‍್ಯಾಂಕ್ ಕೂಡ ಬೇಕಿಲ್ಲ, ಏಕೆಂದರೆ ಆ ಪರೀಕ್ಷೆ ಎಂಜಿನಿಯರಿಂಗ್, ಫಾರ್ಮಸಿ, ಕೃಷಿ ಮುಂತಾದ ಕೋರ್ಸುಗಳಿಗೆ. ನೆಂಟರ ಮಾತು ಹುಟ್ಟಿರುವುದು ಬೇಡಿಕೆ ಹೆಚ್ಚಿರುವ ಕೆಲವು ಕಾಲೇಜುಗಳಿಂದ ಇರಬೇಕು. ಅಲ್ಲಿ ಲೆಕ್ಕಶಾಸ್ತ್ರ ಓದಿ ತೊಂಬತ್ತರ ಮೇಲೆ ತೆಗೆದವರೇ ಸೀಟುಗಳನ್ನು ತುಂಬಿಬಿಡುತ್ತಾರೆ, ಉಳಿದವರಿಗೆ ಜಾಗ ಇರುವುದಿಲ್ಲ. ಅದು ಪೈಪೋಟಿಯ ಪರಿಣಾಮ, ನಿಯಮವಲ್ಲ.

ಪರೀಕ್ಷೆ-2ರಲ್ಲಿ ಪಾಸಾದದ್ದು ಕಳಂಕ ಎಂದು ಮಗಳು ಕೊರಗುತ್ತಿದ್ದರೆ ಆ ಕೊರಗನ್ನು ಬಿಡಿಸಿ. ಈ ಪದ್ಧತಿ ತಂದದ್ದೇ ಒಂದು ಪರೀಕ್ಷೆ ಕೆಟ್ಟರೆ ವರ್ಷ ಹಾಳಾಗಬಾರದು ಎಂದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ತಡವಾಗಿ ಬಂದುದರಿಂದ ಕೆಲವು ಕಾಲೇಜುಗಳ ಮೊದಲ ಪಟ್ಟಿ ತಪ್ಪಿರಬಹುದು, ನಷ್ಟ ಅಷ್ಟೇ.

ಅವಳ ಅಂಕ ಶೇಕಡಾ 61. ಈ ಅಂಕಕ್ಕೆ ಎಲ್ಲೆಲ್ಲಿ ಬಾಗಿಲು ತೆರೆಯುತ್ತದೆ ಎಂದು ನೇರವಾಗಿಯೇ ಹೇಳುತ್ತೇನೆ. ಸರ್ಕಾರಿ ಪದವಿ ಕಾಲೇಜು, ಅನುದಾನಿತ ಕಾಲೇಜು, ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡ ಸಾಮಾನ್ಯ ಖಾಸಗಿ ಕಾಲೇಜು, ಈ ಮೂರರಲ್ಲೂ ಅವಳಿಗೆ ಅವಕಾಶವಿದೆ. ಬ್ರಿಗೇಡ್ ರಸ್ತೆಯ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನಂಥ ಸ್ವಾಯತ್ತ (ಪರೀಕ್ಷೆಯನ್ನು ತಾವೇ ನಡೆಸುವ) ಕಾಲೇಜುಗಳಲ್ಲಿ ಪೈಪೋಟಿ ಕಠಿಣ. ಕ್ರೈಸ್ಟ್‌ನಂಥ ಡೀಮ್ಡ್ ವಿಶ್ವವಿದ್ಯಾಲಯ (ತಾನೇ ಪದವಿ ಕೊಡುವ ಸಂಸ್ಥೆ) ತನ್ನದೇ ಪರೀಕ್ಷೆ, ಸಂದರ್ಶನ ನಡೆಸುತ್ತದೆ. ಅಂಥ ಕಡೆಗಳಲ್ಲಿ ಪಿಯುಸಿ ಫಲಿತಾಂಶ ಬರುವ ಮೊದಲೇ ಅರ್ಜಿ ಹಾಕಿರಬೇಕಿತ್ತು. ಆದ್ದರಿಂದ ನಿಮ್ಮ ಓಡಾಟವನ್ನು ಮನೆಯಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಸುಲಭವಾಗಿ ತಲುಪುವ ಕಾಲೇಜುಗಳಿಗೆ ಸೀಮಿತಗೊಳಿಸಿ: ಮಲ್ಲೇಶ್ವರ, ರಾಜಾಜಿನಗರ, ಶೇಷಾದ್ರಿಪುರ, ಹೆಚ್ಚೆಂದರೆ ಮೆಜೆಸ್ಟಿಕ್‌ನಿಂದ ಸ್ವಲ್ಪ ದೂರದ ಅರಮನೆ ರಸ್ತೆ. ಅಲ್ಲಿರುವ ಸರ್ಕಾರಿ ಆರ್.ಸಿ. ಕಾಲೇಜು ವಾಣಿಜ್ಯಕ್ಕೆಂದೇ ಹೆಸರಾದದ್ದು. ದಿನಕ್ಕೆ ಮೂರು ಗಂಟೆ ಪ್ರಯಾಣದಲ್ಲಿ ಕಳೆಯುವ ಹುಡುಗಿ ಸಂಜೆ ಲೆಡ್ಜರ್ ಲೆಕ್ಕ ಬಿಡಿಸಲು ಕೂರುವುದಿಲ್ಲ. ಕಾಲೇಜಿನ ಹೆಸರಿಗಿಂತ ಈ ದೂರವೇ ಫಲಿತಾಂಶವನ್ನು ಹೆಚ್ಚು ಕೆಡಿಸುವುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ರಾಜ್ಯ ವಿಶ್ವವಿದ್ಯಾಲಯಗಳ ಪ್ರವೇಶವೆಲ್ಲ ಈಗ ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿಯಾಗುತ್ತದೆ. ಮಗಳು ತನ್ನ ಮೊಬೈಲ್ ಸಂಖ್ಯೆಯಲ್ಲೇ ಖಾತೆ ತೆರೆಯಲಿ. ಸೈಬರ್ ಸೆಂಟರಿನವರ ಸಂಖ್ಯೆಯನ್ನೋ ಪರಿಚಯದವರ ಸಂಖ್ಯೆಯನ್ನೋ ಕೊಟ್ಟರೆ ಮೂರು ವರ್ಷ ಪರೀಕ್ಷಾ ಅರ್ಜಿಗೂ ಫಲಿತಾಂಶಕ್ಕೂ ಅವರ ಹಿಂದೆ ಅಲೆಯಬೇಕಾಗುತ್ತದೆ.

ಇನ್ನು ‘ಅಕೌಂಟಿಂಗ್ ಅಂಡ್ ಫೈನಾನ್ಸ್’ ಎಂಬ ಹೆಸರಿನ ವಿಚಾರ. ನೀವು ಹಣ ಕೊಡಲು ಹೊರಟಿರುವುದು ಈ ಹೆಸರಿಗೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಬಿ.ಕಾಂ. ಎಂದರೂ ಅದು ಅಕೌಂಟಿಂಗ್ ಪದವಿಯೇ. ಹಣಕಾಸು ಲೆಕ್ಕಶಾಸ್ತ್ರ, ಕಂಪನಿ ಲೆಕ್ಕಗಳು, ವೆಚ್ಚ ಲೆಕ್ಕಶಾಸ್ತ್ರ, ಆದಾಯ ತೆರಿಗೆ, ಜಿಎಸ್‌ಟಿ, ಲೆಕ್ಕ ಪರಿಶೋಧನೆ ಎಲ್ಲವೂ ಅದರಲ್ಲಿ ಬರುತ್ತವೆ. ಹೆಸರಿನ ಮುಂದೆ ಬಾಲ ಸೇರಿದಾಗ ಕೊನೆಯ ವರ್ಷಗಳಲ್ಲಿ ಒಂದಷ್ಟು ಪತ್ರಿಕೆಗಳು ಬದಲಾಗುತ್ತವೆ, ಶುಲ್ಕ ಮಾತ್ರ ಮೊದಲ ದಿನದಿಂದಲೇ ಏರುತ್ತದೆ. ಎಸಿಸಿಎ ಜೊತೆಗೂಡಿಸಿದ ಬಿ.ಕಾಂ. ಎಂದು ಹೇಳಿದರೆ ಇನ್ನೂ ಎಚ್ಚರ ಬೇಕು. ಎಸಿಸಿಎ ಬ್ರಿಟನ್ನಿನ ಅಕೌಂಟೆಂಟರ ಸಂಸ್ಥೆಯೊಂದರ ಅರ್ಹತೆ. ಅದರಲ್ಲಿ 13 ಪತ್ರಿಕೆಗಳು, ಅದರ ಮೇಲೆ 36 ತಿಂಗಳ ಕೆಲಸದ ಅನುಭವ. ಕಾಲೇಜಿನ ಪಠ್ಯದಿಂದ ಕೆಲವು ಪತ್ರಿಕೆಗಳಿಗೆ ವಿನಾಯಿತಿ ಸಿಗಬಹುದು, ಉಳಿದವನ್ನು ವಿದೇಶಿ ಹಣದ ಲೆಕ್ಕದಲ್ಲಿ ಶುಲ್ಕ ಕಟ್ಟಿಯೇ ಬರೆಯಬೇಕು. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಅದಕ್ಕೆ ಬೆಲೆಯಿದೆ, ನಿಜ. ಆದರೆ ಭಾರತದಲ್ಲಿ ಕಂಪನಿಯ ಶಾಸನಬದ್ಧ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಇರುವುದು ಚಾರ್ಟರ್ಡ್ ಅಕೌಂಟೆಂಟ್‌ಗೆ ಮಾತ್ರ. ಮಗಳು ಸಿ.ಎ. ಆಗಬೇಕೆಂದಿದ್ದರೆ ಸಾದಾ ಬಿ.ಕಾಂ. ಅವಳಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಹೆಸರಿನ ಬದಲು ಕಾಲೇಜಿನಲ್ಲಿ ಕೇಳಬೇಕಾದ ಮಾತು ಬೇರೆ ಇದೆ: ಪರೀಕ್ಷೆ ನಡೆಸುವವರು ಯಾರು, ಪದವಿ ಕೊಡುವವರು ಯಾರು? ಹಳೆಯ ಬೆಂಗಳೂರು ವಿಶ್ವವಿದ್ಯಾಲಯ ಹಂಚಿಕೆಯಾದ ಮೇಲೆ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜು ಆವರಣದ ಬೆಂಗಳೂರು ನಗರ ವಿಶ್ವವಿದ್ಯಾಲಯ, ಕೋಲಾರ ಕಡೆಯ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಂದು ಮೂರಾದವು. ನಗರ ವಿಶ್ವವಿದ್ಯಾಲಯಕ್ಕೆ ಈಗ ಡಾ. ಮನಮೋಹನ್ ಸಿಂಗ್ ಅವರ ಹೆಸರಿಟ್ಟಿದ್ದಾರೆ, ಅರ್ಜಿಯಲ್ಲಿ ಹೊಸ ಹೆಸರು ಕಂಡು ಗಾಬರಿಯಾಗಬೇಡಿ. ನೀವು ನೋಡುವ ಕಾಲೇಜು ಇವುಗಳಲ್ಲಿ ಯಾವುದಕ್ಕೆ ಸೇರಿದೆ, ಸ್ವಾಯತ್ತವೇ, ಅಥವಾ ಖಾಸಗಿ ವಿಶ್ವವಿದ್ಯಾಲಯದ ಭಾಗವೇ ಎಂದು ಬರಹದಲ್ಲಿ ನೋಡಿ. ಇದರ ಮೇಲೆ ಓದಿನ ಅವಧಿಯೂ ನಿಂತಿದೆ. 2021-22ರಲ್ಲಿ ಕರ್ನಾಟಕಕ್ಕೆ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೆಯ ವರ್ಷ ಇನ್ನೂ ಉಂಟು. ಅಮೆರಿಕದ ಅಕೌಂಟೆಂಟರ ಅರ್ಹತೆಯಾದ ಸಿಪಿಎ ಅಥವಾ ವಿದೇಶದ ಸ್ನಾತಕೋತ್ತರ ಓದು ಮನಸ್ಸಿನಲ್ಲಿದ್ದರೆ ಆ ವರ್ಷ ಉಪಯೋಗಕ್ಕೆ ಬರುತ್ತದೆ. ಸಿ.ಎ. ದಾರಿಗೆ ಮೂರು ವರ್ಷ ಸಾಕು.

ಇಲ್ಲಿಯವರೆಗೆ ಹೇಳಿದ್ದು ಬಾಗಿಲ ಮಾತು. ಬಿ.ಕಾಂ.ನ ಬಾಗಿಲು ಅಗಲವಾಗಿದೆ, ಒಳಗೆ ಹೋದ ಮೇಲಿನ ಮೊದಲ ಸೆಮಿಸ್ಟರ್ ಕಿರಿದು. ಸೈನ್ಸಿನಿಂದ ಬಂದ ಮಕ್ಕಳು ಮುಗ್ಗರಿಸುವುದು ಅಲ್ಲಿಯೇ. ಪಿಯುಸಿಯಲ್ಲಿ ಎರಡು ವರ್ಷ ಲೆಕ್ಕಶಾಸ್ತ್ರ ಓದಿದವರು ಪಕ್ಕದ ಬೆಂಚಿನಲ್ಲಿರುತ್ತಾರೆ. ಜರ್ನಲ್ (ದಿನದ ವ್ಯವಹಾರ ಬರೆಯುವ ಪುಸ್ತಕ), ಲೆಡ್ಜರ್ (ಅದನ್ನೇ ಖಾತೆವಾರು ಬರೆಯುವ ಪುಸ್ತಕ), ತಾಳೆಪಟ್ಟಿ (ಡೆಬಿಟ್, ಕ್ರೆಡಿಟ್ ಮೊತ್ತಗಳು ಹೊಂದುತ್ತವೆಯೇ ನೋಡುವ ಪಟ್ಟಿ) ಎಲ್ಲರಿಗೂ ಗೊತ್ತು ಎಂದುಕೊಂಡು ಅಧ್ಯಾಪಕರು ಮುಂದಕ್ಕೆ ಹೋಗಿಬಿಡುತ್ತಾರೆ. ಬುದ್ಧಿ ಕಡಿಮೆಯಿಲ್ಲದ ಮಕ್ಕಳು, ಕ್ಯಾಲ್ಕುಲಸ್ ಬಿಡಿಸಿ ಬಂದವರು, ಡೆಬಿಟ್ ಯಾಕೆ ಎಡಕ್ಕೆ ಎಂಬಲ್ಲಿ ನಿಂತುಹೋಗಿ, ಕೇಳಲು ನಾಚಿ, ನವೆಂಬರ್ ಹೊತ್ತಿಗೆ ‘ಇದು ನನಗಲ್ಲ’ ಎನ್ನುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದನ್ನು ತಡೆಯಲು ಒಂದು ತಿಂಗಳು ಸಾಕು, ಆ ತಿಂಗಳು ಈಗ ನಿಮ್ಮ ಕೈಯಲ್ಲಿದೆ.

ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದ ಪಠ್ಯಪುಸ್ತಕವನ್ನು ತಂದುಕೊಡಿ. ಅದರಲ್ಲಿ ಜರ್ನಲ್‌ನಿಂದ ಅಂತಿಮ ಲೆಕ್ಕಗಳವರೆಗೆ ಓದಿದರೆ ಆಯಿತು. ನಡುವೆ ಬರುವ ಬ್ಯಾಂಕ್ ಹೊಂದಾಣಿಕೆ ಪಟ್ಟಿ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವುದು) ಮತ್ತು ಸವಕಳಿ (ಬಳಕೆಯಿಂದ ಆಸ್ತಿಯ ಬೆಲೆ ಇಳಿಯುವುದು) ಎರಡನ್ನು ಬಿಡಬಾರದು. ಆದರೆ ಪುಸ್ತಕಕ್ಕಿಂತ ದೊಡ್ಡ ಅನುಕೂಲ ನಿಮ್ಮ ಮನೆಯಲ್ಲೇ ಇದೆ: ನಿಮ್ಮ ಅಂಗಡಿ. ಒಂದು ತಿಂಗಳ ಮಟ್ಟಿಗೆ ಅಂಗಡಿಯ ಲೆಕ್ಕವನ್ನು ಮಗಳು ಬರೆಯಲಿ. ಮದುವೆ ಮನೆಯವರು 1,200 ರೂಪಾಯಿಯ ಬ್ಲೌಸಿಗೆ 500 ಮುಂಗಡ ಕೊಟ್ಟು ಹೋದರು ಎನ್ನಿ. ನಗದು ಹೆಚ್ಚಾಯಿತು, ಆದರೆ ಅದು ಇನ್ನೂ ನಿಮ್ಮ ಆದಾಯವಲ್ಲ. ಬ್ಲೌಸ್ ಹೊಲಿದು ಕೊಡುವವರೆಗೆ ಆ 500 ನೀವು ಅವರಿಗೆ ತೀರಿಸಬೇಕಾದ ಹೊಣೆ. ಕೊಟ್ಟ ದಿನ 1,200 ಆದಾಯವಾಗುತ್ತದೆ, ಹೊಣೆ ಇಲ್ಲವಾಗುತ್ತದೆ, ಬಾಕಿ 700 ಕೈಗೆ ಬರುತ್ತದೆ. ಇದನ್ನು ಸ್ವತಃ ಬರೆದವಳಿಗೆ ಕ್ರೆಡಿಟ್ ಎಂದರೇನು ಎಂದು ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ.

24,000 ರೂಪಾಯಿಯ ಹೊಲಿಗೆ ಯಂತ್ರ ಕೊಂಡರೆ ಆ ತಿಂಗಳು 24,000 ನಷ್ಟವಾಯಿತೇ? ಇಲ್ಲ. ಅದು ಆಸ್ತಿ. ಎಂಟು ವರ್ಷ ಬಾಳುತ್ತದೆ, ಆಮೇಲೆ ಗುಜರಿಗೂ ಬೆಲೆಯಿಲ್ಲ ಎಂದುಕೊಂಡರೆ ವರ್ಷಕ್ಕೆ 3,000 ಸವಕಳಿ. ದಾರ, ಲೈನಿಂಗ್ ಬಟ್ಟೆ, ಫಾಲ್‌ನಲ್ಲಿ ತಿಂಗಳ ಕೊನೆಗೆ ಉಳಿದದ್ದು ಅಂತಿಮ ದಾಸ್ತಾನು. ಮಾರ್ಚ್ ತಿಂಗಳ ಕರೆಂಟ್ ಬಿಲ್ ಏಪ್ರಿಲ್‌ನಲ್ಲಿ ಕಟ್ಟಿದರೂ ವೆಚ್ಚ ಮಾರ್ಚಿನದೇ. ಗಲ್ಲಾದಿಂದ 200 ರೂಪಾಯಿ ತೆಗೆದು ಮನೆಗೆ ತರಕಾರಿ ತಂದರೆ ಅದು ಅಂಗಡಿಯ ಖರ್ಚಲ್ಲ, ಒಡತಿ ಹಿಂದಕ್ಕೆ ಪಡೆದ ಹಣ. ಅಂಗಡಿ ಬೇರೆ, ಒಡತಿ ಬೇರೆ ಎಂಬ ಈ ಒಂದು ತತ್ವ ಮನಸ್ಸಿಗೆ ಇಳಿದರೆ ಮೊದಲ ಸೆಮಿಸ್ಟರಿನ ಅರ್ಧ ಭಾರ ಕಳೆದಂತೆ. ತಿಂಗಳ ಕೊನೆಗೆ ಅವಳು ಮಾಡಿದ ಲಾಭ-ನಷ್ಟದ ಲೆಕ್ಕವನ್ನು ನೀವೂ ಕುಳಿತು ನೋಡಿ. ಯಾವ ಕೆಲಸದಲ್ಲಿ ನಿಜವಾಗಿ ಉಳಿಯುತ್ತದೆ, ಯಾವುದರಲ್ಲಿ ಬರೀ ದುಡಿಮೆ ಎಂಬುದು ನಿಮಗೂ ತಿಳಿಯುತ್ತದೆ.

ಪುಸ್ತಕಗಳ ಬಗ್ಗೆ ಒಂದು ಮಾತು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರದ ಪುಸ್ತಕಗಳನ್ನು ಧೈರ್ಯವಾಗಿ ಕೊಳ್ಳಿ, ಪಠ್ಯಕ್ರಮ ಹೊಂದುತ್ತದೆಯೇ ನೋಡಿಕೊಂಡರೆ ಸಾಕು. ಆದಾಯ ತೆರಿಗೆಯ ಪುಸ್ತಕವನ್ನು ಮಾತ್ರ ಹಳೆಯದು ತರಬೇಡಿ. 1961ರ ಕಾಯ್ದೆಯ ಜಾಗಕ್ಕೆ ಬಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಸೆಕ್ಷನ್ ಸಂಖ್ಯೆಗಳೇ ಬದಲಾಗಿವೆ.

ಕನ್ನಡ ಮಾಧ್ಯಮದ ಚಿಂತೆ ನಿಮ್ಮ ಪ್ರಶ್ನೆಯ ಒಳಗೇ ಇದೆ, ನೀವು ಬಿಡಿಸಿ ಕೇಳಿಲ್ಲ ಅಷ್ಟೇ. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಬೆಂಗಳೂರು ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಬಿ.ಕಾಂ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅವಳು ಪಿಯುಸಿಯಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲಿ ವಿಜ್ಞಾನ ಓದಿ ಬಂದವಳು, ಲೆಕ್ಕದ ಪತ್ರಿಕೆಗಳಲ್ಲಿ ಭಾಷೆ ಅವಳನ್ನು ಕಾಡುವುದಿಲ್ಲ. ಕಾಡುವುದು ನಿರ್ವಹಣೆ, ವ್ಯವಹಾರ ಕಾನೂನಿನಂಥ ವಿವರಣೆಯ ಪತ್ರಿಕೆಗಳು. ಸಿ.ಎ. ಗುರಿ ಇರುವುದರಿಂದ ಮೊದಲ ವರ್ಷದಿಂದಲೇ ಇಂಗ್ಲಿಷಿನಲ್ಲಿ ಬರೆದು ರೂಢಿ ಮಾಡಿಕೊಳ್ಳಲಿ ಎಂದು ನನ್ನ ಸಲಹೆ, ಯಾಕೆಂದರೆ ಸಿ.ಎ. ಪರೀಕ್ಷೆ ಬರೆಯಲು ಇರುವ ಭಾಷೆಗಳು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕನ್ನಡದ ಮಕ್ಕಳಿಗೆ ಇದು ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆದರೆ ಅದು ಸರಿಹೋಗುವವರೆಗೆ ನಿಮ್ಮ ಮಗಳು ಕಾಯಲಾಗದು.

ಸಿ.ಎ.ಗೆ ಎರಡು ದಾರಿಗಳಿವೆ. ಪಿಯುಸಿ ಪಾಸಾದವರು ಫೌಂಡೇಶನ್ ಪರೀಕ್ಷೆ ಬರೆಯಬಹುದು, ಅಲ್ಲಿಯೂ ಯಾವ ವಿಭಾಗ ಎಂದು ಕೇಳುವುದಿಲ್ಲ. ಲೆಕ್ಕಶಾಸ್ತ್ರ, ವ್ಯವಹಾರ ಕಾನೂನು, ಗಣಿತ-ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಂದು ನಾಲ್ಕು ಪತ್ರಿಕೆಗಳು. ಪ್ರತಿಯೊಂದರಲ್ಲಿ ಶೇಕಡಾ 40, ಒಟ್ಟಿನಲ್ಲಿ ಶೇಕಡಾ 50 ಬೇಕು. ಪಿಸಿಎಂಸಿ ಓದಿದವಳಿಗೆ ಗಣಿತದ ಪತ್ರಿಕೆ ವರವಾಗುತ್ತದೆ. ಇನ್ನೊಂದು ದಾರಿಯಲ್ಲಿ ಫೌಂಡೇಶನ್ ಬೇಡವೇ ಬೇಡ: ಬಿ.ಕಾಂ.ನಲ್ಲಿ ಶೇಕಡಾ 55 ತೆಗೆದರೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಿಸಿಕೊಳ್ಳುತ್ತಾರೆ. ವಾಣಿಜ್ಯೇತರ ಪದವಿಯಾದರೆ ಶೇಕಡಾ 60. ಮುಂದೆ ಎರಡು ವರ್ಷದ ಆರ್ಟಿಕಲ್‌ಶಿಪ್, ಅಂದರೆ ಸಿ.ಎ. ಒಬ್ಬರ ಕೈಕೆಳಗೆ ತರಬೇತಿ, ಆಮೇಲೆ ಫೈನಲ್.

ಮೊದಲ ದಾರಿಯಲ್ಲಿ ಕಾಲ ಉಳಿಯುತ್ತದೆ, ಎರಡನೆಯದರಲ್ಲಿ ಹಣ ಮತ್ತು ಮನಸ್ಸಿನ ನೆಮ್ಮದಿ. ನಿಮ್ಮ ಮಗಳಿಗೆ ಲೆಕ್ಕಶಾಸ್ತ್ರವೇ ಹೊಸದು. ಕಾಲೇಜು ಆರಂಭವಾದ ವಾರವೇ ಕೋಚಿಂಗ್ ಸೆಂಟರಿಗೆ ದೊಡ್ಡ ಮೊತ್ತ ಕಟ್ಟಿ, ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ಇಲ್ಲಿ ಎಂದು ಓಡಿಸುವುದು ಸರಿಯಲ್ಲ. ಮೊದಲ ಸೆಮಿಸ್ಟರ್ ಮುಗಿಯಲಿ. ಲೆಕ್ಕಶಾಸ್ತ್ರದಲ್ಲಿ ಎಪ್ಪತ್ತರ ಮೇಲೆ ಬಂದರೆ ಫೌಂಡೇಶನ್‌ಗೆ ನೋಂದಾಯಿಸಲಿ. ನೋಂದಣಿ ಮತ್ತು ಪರೀಕ್ಷೆಯ ನಡುವೆ ನಾಲ್ಕು ತಿಂಗಳ ಓದಿನ ಅವಧಿ ಇರಬೇಕು, ಅದನ್ನು ಲೆಕ್ಕ ಹಾಕಿಕೊಳ್ಳಲಿ. ಬರದಿದ್ದರೆ ಪದವಿಯನ್ನು ಗಟ್ಟಿಯಾಗಿ ಮುಗಿಸಿ ನೇರ ಪ್ರವೇಶ ಪಡೆಯಲಿ. ಸಿ.ಎ. ಸಂಸ್ಥೆಯ ಅಧ್ಯಯನ ಸಾಮಗ್ರಿ ಅದರ ಜಾಲತಾಣದಲ್ಲಿ ಉಚಿತವಾಗಿದೆ, ಸಂಸ್ಥೆಯ ಬೆಂಗಳೂರು ಶಾಖೆ ವಸಂತನಗರದಲ್ಲಿದೆ. ಕೋಚಿಂಗ್‌ನವರು ಹೇಳುವುದನ್ನು ಕೇಳುವ ಮೊದಲು ಅಲ್ಲಿಗೆ ಒಮ್ಮೆ ಹೋಗಿಬನ್ನಿ.

ಕಾಗದಪತ್ರಗಳಿಗೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಪಿಯು ಕಾಲೇಜಿನ ಟಿ.ಸಿ., ಆಧಾರ್, ಮೀಸಲಾತಿ ಇದ್ದರೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಭಾವಚಿತ್ರಗಳು ಬೇಕು. ಬೇರೆ ರಾಜ್ಯದ ಮಂಡಳಿಯಲ್ಲಿ ಓದಿದವರಿಗೆ ವಲಸೆ ಪ್ರಮಾಣಪತ್ರ, ಅರ್ಹತಾ ಪ್ರಮಾಣಪತ್ರ ಎಂದು ಇನ್ನಷ್ಟು ಇರುತ್ತವೆ, ನಿಮಗೆ ಅವು ಬೇಡ. ಕೆಲಸ ಕೆಡುವುದು ಕಾಗದ ಇಲ್ಲದ್ದರಿಂದಲ್ಲ, ಹೆಸರು ಹೊಂದದಿರುವುದರಿಂದ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಅಥವಾ ತಂದೆಯ ಪೂರ್ತಿ ಹೆಸರು ಸೇರಿಕೊಂಡಿದೆ. ಇಂಥ ವ್ಯತ್ಯಾಸವಿದ್ದರೆ ಪ್ರವೇಶಕ್ಕೆ ಮೊದಲೇ ಆಧಾರ್ ಅನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಸರಿಯಾಗಿ ತಿದ್ದಿಸಿ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯೇ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಬೇಕಾಗುವುದು. ಆ ಅರ್ಜಿಯನ್ನು ಕಾಲೇಜಿನವರು ಹಾಕುತ್ತಾರೆ ಎಂದು ಕಾಯಬೇಡಿ, ಮಗಳೇ ಹಾಕಬೇಕು.

ಮೂಲ ದಾಖಲೆಗಳ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಕಾಲೇಜು ಮೂಲ ಅಂಕಪಟ್ಟಿಯನ್ನು ನಿಮ್ಮ ಎದುರೇ ಪರಿಶೀಲಿಸಿ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ಪ್ರತಿಯನ್ನಷ್ಟೇ ಇಟ್ಟುಕೊಳ್ಳಬೇಕು. ಕಾಲೇಜಿಗೇ ಇಲ್ಲದ ಅಧಿಕಾರ ನಡುವಿನವರಿಗೆ ಎಲ್ಲಿಂದ ಬಂತು? ಅದೇ ಅಧಿಸೂಚನೆಯಲ್ಲಿ ಶುಲ್ಕ ವಾಪಸಾತಿಯ ನಿಯಮವೂ ಇದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ವೆಚ್ಚ ಮಾತ್ರ ಕಳೆದು ಶುಲ್ಕ ಪೂರ್ತಿ ವಾಪಸ್ ಬರಬೇಕು, ಆಮೇಲೆ ಹಂತಹಂತವಾಗಿ ಕಡಿಮೆಯಾಗುತ್ತದೆ, ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಬರುವುದಿಲ್ಲ. ಸಿಇಟಿ ಕೌನ್ಸೆಲಿಂಗ್ ನಡುವೆ ಮಗಳ ಮನಸ್ಸು ಎಂಜಿನಿಯರಿಂಗ್ ಕಡೆ ವಾಲಿದರೆ ಈ ದಿನಾಂಕಗಳು ನೆನಪಿರಲಿ.

ಶುಲ್ಕವನ್ನು ಕಾಲೇಜಿನ ಖಾತೆಗೇ ಕಟ್ಟಿ, ಅದೇ ದಿನ ಕಾಲೇಜಿನ ಹೆಸರಿನ ರಸೀದಿ ಪಡೆಯಿರಿ. ಕಟ್ಟಡ ನಿಧಿ, ಅಭಿವೃದ್ಧಿ ನಿಧಿ ಎಂದು ರಸೀದಿಯಿಲ್ಲದೆ ಕೇಳಿದರೆ ಕೊಡಬೇಡಿ, ಆ ಕಾಲೇಜನ್ನೇ ಬಿಟ್ಟು ಮುಂದಿನದಕ್ಕೆ ಹೋಗಿ. ನಿಮ್ಮ ಪರಿಚಯದವರಿಗೆ ಈಗಾಗಲೇ ಅಂಕಪಟ್ಟಿ ಕೊಟ್ಟಿದ್ದರೆ ನಾಳೆಯೇ ಮಗಳನ್ನು ಕರೆದುಕೊಂಡು ಹೋಗಿ ವಾಪಸ್ ಪಡೆಯಿರಿ, ಅಲ್ಲಿಂದ ಹೊರಡುವ ಮೊದಲು ಎರಡೂ ಅಂಕಪಟ್ಟಿಗಳು ಕೈಯಲ್ಲಿವೆಯೇ ಎಂದು ನೋಡಿಕೊಳ್ಳಿ.